ಹೋಗುವಾಗ ಕಡಲು ನನಗೆ

ಹಣಕೋಣ

ಊರು ಬಿಟ್ಟು ಹೋಗುವವರು ಉಪ್ಪಿನಕಾಯಿ ಒಯ್ಯುತ್ತಾರೆ, ಹಪ್ಪಳ ಒಯ್ಯುತ್ತಾರೆ, ತೀರಾ ಆಸೆಬುರುಕರಾದರೆ ಒಂದು ರುಬ್ಬುವ ಕಲ್ಲನ್ನೂ ಒಯ್ಯುತ್ತಾರೆ. ನಾನು ಕಾರು ಒಯ್ದೆ. ಹೊಸದಲ್ಲ, ದೊಡ್ಡದೂ ಅಲ್ಲ. ಬಾಗಿಲು ಜೋರಾಗಿ ಹಾಕಿದರೆ ಕನ್ನಡಿ ಅಲುಗುವ, ಕಾರವಾರದ ಉಪ್ಪುಗಾಳಿಗೆ ಅಡಿಯ ತಗಡು ಅಲ್ಲಲ್ಲಿ ತುಕ್ಕು ಹಿಡಿದ, ಬಿಳಿಯ ಪುಟ್ಟ ಕಾರು. ಅದನ್ನು ಹಡಗಿಗೆ ಹಾಕಿ ತಾಂಜಾನಿಯಾದ ದಾರ್ ಎಸ್ ಸಲಾಮಿಗೆ ಕಳಿಸುತ್ತೇನೆ ಎಂದಾಗ ನಮ್ಮ ಶಾಲೆಯ ಹೆಡ್ ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಕನ್ನಡಕ ಹಾಕಿಕೊಂಡ ಮೇಲೂ ನಾನು ಹಾಗೇ ಕಂಡಿರಬೇಕು.

ನಾನು ಭೂಗೋಳ ಕಲಿಸುವವಳು. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಕಾರವಾರದಲ್ಲಿ ನಾನು ಬಹಳ ವರ್ಷಗಳಿಂದ ಭೂಗೋಳದ ಅಕ್ಕೋರು. ದಾರ್‌ನಲ್ಲಿ ಭಾರತೀಯರು ನಡೆಸುವ ಒಂದು ಶಾಲೆಗೆ ಭೂಗೋಳಕ್ಕೆ ಜನ ಬೇಕಾಗಿದ್ದಾರೆಂದು ಪರಿಚಯದವರೊಬ್ಬರು ಹೇಳಿದರು. ಬರೆದೆ, ಅವರು ಬನ್ನಿ ಎಂದರು. ಒಂದು ಟರ್ಮು ಇದ್ದು ನೋಡಿ, ಆಮೇಲೆ ಉಳಿಯುವುದೋ ಹಿಂತಿರುಗುವುದೋ ಹೇಳಿ ಎಂಬುದು ಅವರ ಮಾತು. ನಾನು ನನ್ನಷ್ಟಕ್ಕೆ ಹೇಳಿಕೊಂಡದ್ದೂ ಅದನ್ನೇ.

ಹೋಗಬೇಕೆನಿಸಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಹಿಂದಿನ ಮಳೆಗಾಲದಲ್ಲಿ ನನ್ನ ಗಂಡ ತೀರಿಕೊಂಡಿದ್ದರು. ನಮಗೆ ಮಕ್ಕಳಿಲ್ಲ. ಪೇಟೆಗೆ ಹೋದರೆ ಔಷಧದಂಗಡಿಯವನಿಂದ ಹಿಡಿದು ಬಸ್ಸಿನ ಕಂಡಕ್ಟರನವರೆಗೆ ಎಲ್ಲರ ದನಿಯೂ ನನ್ನ ಹತ್ತಿರ ಬರುವಾಗ ತಗ್ಗುತ್ತಿತ್ತು. ನನಗೆ ಯಾವಾಗಲೂ ಮೀನು ಮಾರುವ ಹೆಂಗಸು ಮೊದಲು ಚೌಕಾಸಿ ಮಾಡಿದರೆ ಬುಟ್ಟಿ ಮುಚ್ಚಿ ಬೈಯುತ್ತಿದ್ದವಳು, ಈಗ ಕೇಳಿದ ದರಕ್ಕೇ ಕೊಟ್ಟು ಮೇಲೆ ಎರಡು ಬಂಗಡೆ ಹಾಕುತ್ತಿದ್ದಳು. ಆ ಎರಡು ಬಂಗಡೆ ನನಗೆ ಸಹಿಸಲಾಗಲಿಲ್ಲ.

ಹಾಗಾದರೆ ಕಾರು ಯಾಕೆ ಎಂದು ಕೇಳುವಿರಿ. ಅದನ್ನು ಹೇಳಬೇಕಾದರೆ ಎಡಗಡೆಯ ಸೀಟಿನ ಬಗ್ಗೆ ಹೇಳಬೇಕು.

ಇವರು, ನನ್ನ ಗಂಡ, ಬಂದರಿನ ಕಚೇರಿಯಲ್ಲಿ ಗುಮಾಸ್ತರು. ಜೀವಮಾನವಿಡೀ ಹಡಗುಗಳ ಕಾಗದಪತ್ರ ನೋಡಿದವರು, ಒಮ್ಮೆಯೂ ಹಡಗು ಹತ್ತಿದವರಲ್ಲ. ಒಂದು ಕಣ್ಣು ಚಿಕ್ಕಂದಿನಿಂದಲೇ ಮಂದ. ಹಾಗಾಗಿ ಗಾಡಿ ಬಿಡುವುದು ನನ್ನ ಪಾಲಿಗೆ, ಪಕ್ಕದಲ್ಲಿ ಕೂತು ದಾರಿ ಹೇಳುವುದು ಅವರ ಪಾಲಿಗೆ. ಎಡ ಬಲ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಕಡಲ ಬದಿಗೆ ತಿರುಗಿಸು, ಘಟ್ಟದ ಬದಿಗೆ ತಿರುಗಿಸು, ಅಷ್ಟೇ. ನಮ್ಮ ಕರಾವಳಿಯಲ್ಲಿ ಅಷ್ಟು ಸಾಕು ಕೂಡ. ಕಡಲಿರುವುದು ಪಡುವಣಕ್ಕೆ, ಘಟ್ಟವಿರುವುದು ಮೂಡಣಕ್ಕೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ.

ನನ್ನ ತವರು ಅಂಕೋಲೆ ದಾಟಿ ಬಾಳೆಗುಳಿಯ ಹತ್ತಿರ. ಭಾನುವಾರವಾದರೆ ಕಾರವಾರದಿಂದ ಅಲ್ಲಿಗೆ ಹೋಗಿ ಸಂಜೆಯೊಳಗೆ ಬರುವುದು ನಮ್ಮ ರೂಢಿ. ಹೋಗುವಾಗ ಕಡಲು ಬಲಕ್ಕೆ, ಅಂದರೆ ಸ್ಟೇರಿಂಗ್ ಹಿಡಿದ ನನ್ನ ಕಿಟಕಿಗೆ. ಬರುವಾಗ ಎಡಕ್ಕೆ, ಅವರ ಕಿಟಕಿಗೆ. ಗಾಡಿ ಕೊಂಡ ಮೊದಲ ಭಾನುವಾರವೇ ಅವರು ಅದನ್ನು ಪಾಲು ಮಾಡಿಬಿಟ್ಟರು.

"ಹೋಗೂವಾಗ ಕಡಲು ನಿಂಗೆ, ಬರೂವಾಗ ನಂಗೆ."

ಪಾಲೆಂದರೆ ಪಾಲು. ಹೋಗುವಾಗ ಅವರು ನನ್ನ ಕಿಟಕಿಯತ್ತ ಇಣುಕುತ್ತಲೂ ಇರಲಿಲ್ಲ, ಘಟ್ಟದ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಬರುವಾಗ ನಾನು ಯಾವುದೋ ದೋಣಿ ಕಂಡು ಅಗೋ ಎಂದರೆ ಸಾಕು, ನಿನ್ನ ಸರದಿ ಮುಗಿಯಿತು, ರಸ್ತೆ ನೋಡು ಎನ್ನುತ್ತಿದ್ದರು. ಕೆಲವು ಸಲ ಅವರ ತಂಗಿ ಪ್ರೇಮಾ ನಮ್ಮ ಜೊತೆ ಬರುವುದಿತ್ತು. ಅವಳು ಹಿಂದಿನ ಸೀಟಿನಿಂದ, ಹಿಂದೆ ಕೂತವರಿಗೆ ಏನೂ ಇಲ್ಲವೇ ಎಂದು ಜಗಳ ತೆಗೆಯುತ್ತಿದ್ದಳು. ಆಮೇಲೆ ನೌಕಾನೆಲೆಯ ಗೋಡೆ ಎದ್ದು, ಅಮದಳ್ಳಿ ಬರುವವರೆಗೂ ಎಷ್ಟೋ ಕಡೆ ಕಡಲು ಕಾಣದ ಹಾಗಾಯಿತು. ನನ್ನ ಪಾಲಿಗೇ ಕಲ್ಲು ಬಿತ್ತಲ್ಲ ಎಂದು ನಾನು ಮುಖ ಸಣ್ಣದು ಮಾಡಿದೆ.

"ಗೋಡೆ ಕಟ್ಟಿದ್ರೆ ಎಂತಾಯ್ತು? ಕಡಲು ಅಲ್ಲೇ ಅದೆ," ಎಂದರು ಇವರು.

ಅವರು ಹೋದ ಮೇಲೆ ಗಾಡಿ ಮಾರಿಬಿಡಿ ಎಂದವರು ಬಹಳ. ಮಾರಿದರೆ ಆ ಎಡ ಸೀಟಿನಲ್ಲಿ ಇನ್ನಾರೋ ಕೂರುತ್ತಾರೆ. ಬಿಟ್ಟುಹೋದರೆ ಉಪ್ಪುಗಾಳಿ ತಿನ್ನುತ್ತದೆ. ಎರಡೂ ನನ್ನಿಂದ ಆಗದ್ದರಿಂದ ಒಯ್ಯುವುದೆಂದು ತೀರ್ಮಾನಿಸಿದೆ.

ಪ್ರೇಮಾ ಮದುವೆಯಾಗದೆ ಕಾರವಾರದ ಹತ್ತಿರದ ಹಣಕೋಣದಲ್ಲಿ ಗದ್ದೆ ನೋಡಿಕೊಂಡು ಇರುವವಳು. ಅಣ್ಣನ ಹತ್ತಿರ ಕೊಂಕಣಿ, ಅಂಕೋಲೆಯಿಂದ ಬಂದ ನನ್ನ ಹತ್ತಿರ ಕನ್ನಡ. ಅಣ್ಣ ಅವಳಿಗೆ ದಾದಾ, ಅತ್ತಿಗೆಯಾದ ನಾನು ವೈನಿ. ಗಾಡಿಯನ್ನು ಬಂದರಿಗೆ ಒಯ್ಯುವ ದಿನ ಅವಳ ಮನೆಯ ಅಂಗಳದಲ್ಲೇ ಪೂಜೆಯಾಯಿತು. ಕಾಯಿ ಒಡೆದಳು, ಗಾಲಿಗೆ ಲಿಂಬೆಹಣ್ಣು ಇಟ್ಟಳು, ಬಾನೆಟ್ಟಿನ ಮೇಲೆ ಅಬ್ಬಲಿಗೆಯ ದಂಡೆ ಹಾಕಿದಳು. ನಾನು ಹೇಳಿದ್ದು ಇಷ್ಟೇ: ಗಾಡಿ ಅಲ್ಲಿಗೆ ಮುಟ್ಟುವವರೆಗೆ ಏನೂ ಹೇಳಲಾರೆ, ಮುಟ್ಟಿದ ಮೇಲೂ ಅಲ್ಲಿ ಇರಲು ಮನಸ್ಸಾಗದಿದ್ದರೆ ಹಿಂತಿರುಗಿ ಬರುತ್ತೇನೆ. ಅವಳು, ಒಳಗೆ ಹೋಗಿ ಚಾ ಕುಡಿಯಿರಿ ವೈನಿ ಎಂದು ನನ್ನನ್ನು ಅಟ್ಟಿದಳು. ಒಳಗೆ ಕೂತವಳಿಗೆ ಡಿಕ್ಕಿ ತೆಗೆದು ಹಾಕಿದ ಸದ್ದು ಕೇಳಿತು. ಒರೆಸುತ್ತಿದ್ದಾಳೆ ಎಂದುಕೊಂಡೆ.

ವಾಸ್ಕೋ

ವಾಸ್ಕೋ ಬಂದರಿಗೆ ಹೋಗುವ ಗೋವೆಯ ದಾರಿಯಲ್ಲಿ ಕಡಲು ಕಾಣುವುದು ಕಡಿಮೆ. ಅದು ಒಳ್ಳೆಯದೇ ಆಯಿತು, ಯಾರ ಪಾಲೆಂದು ಯೋಚಿಸುವ ಪ್ರಸಂಗ ಬರಲಿಲ್ಲ.

ಕಾರನ್ನು ಹಡಗಿಗೆ ಹಾಕುವುದೆಂದರೆ ಕ್ರೇನಿನಲ್ಲಿ ಎತ್ತಿ ಡೆಕ್ಕಿನ ಮೇಲಿಡುತ್ತಾರೆ, ಅದು ಗಾಳಿ ಕುಡಿಯುತ್ತ ಹೋಗುತ್ತದೆ ಎಂದು ನಾನು ಕಲ್ಪಿಸಿಕೊಂಡಿದ್ದೆ. ಹಾಗೇನೂ ಇಲ್ಲ. ಕಬ್ಬಿಣದ ದೊಡ್ಡ ಪೆಟ್ಟಿಗೆ, ಅದಕ್ಕೆ ಹತ್ತಿಸಲು ಒಂದು ಹಲಗೆ. ಏಜೆಂಟನ ಕಡೆಯವರು ಟ್ಯಾಂಕಿನ ಪೆಟ್ರೋಲು ತೆಗೆದರು, ಒಳಗೆ ಹತ್ತಿಸಲು ಬೇಕಾದಷ್ಟೇ ಉಳಿಸಿದರು. ಒಳಗೆ ನಿಲ್ಲಿಸಿದ ಮೇಲೆ ಬ್ಯಾಟರಿಯ ತಂತಿ ಬಿಚ್ಚಿದರು. ನಾಲ್ಕೂ ಗಾಲಿಗಳಿಗೆ ಮರದ ತುಂಡು ಕೊಟ್ಟು, ಪಟ್ಟಿಯಿಂದ ನೆಲಕ್ಕೆ ಬಿಗಿದರು. ಆಪರೇಷನ್ನಿಗೆ ಮಲಗಿಸಿದವರನ್ನು ಬಾಗಿಲ ಸಂದಿನಿಂದ ನೋಡುವಂತೆ ನಾನು ಹೊರಗೆ ನಿಂತು ನೋಡಿದೆ.

ಹಿಂದಿನ ಸೀಟಿನಲ್ಲಿ ನನ್ನ ಪಾತ್ರೆ, ಪುಸ್ತಕ, ಹಾಸಿಗೆಯ ಪೆಟ್ಟಿಗೆಗಳಿದ್ದವು. ಎರಡು ಪೆಟ್ಟಿಗೆ ಮಿಕ್ಕಿದವು. ಮುಂದಿನ ಸೀಟು ಖಾಲಿ ಇದೆಯಲ್ಲ, ಅಲ್ಲಿಡುತ್ತೇನೆ ಎಂದ ಕೆಲಸದವನು. ಬೇಡವೆಂದೆ. ಜಾಗ ಸುಮ್ಮನೆ ಹಾಳು ಎಂದು ಅವನು ಮತ್ತೆ ಹೇಳಿದ. ಆ ಸೀಟಿನ ಮೇಲೆ ಏನನ್ನೂ ಇಡಕೂಡದು ಎಂದು ನಾನು ತರಗತಿಯ ದನಿಯಲ್ಲಿ ಹೇಳಿಬಿಟ್ಟೆ. ಅವನು ದೇವರ ಹರಕೆ ಏನೋ ಇರಬೇಕೆಂದು ತಿಳಿದು, ಚಪ್ಪಲಿ ಬಿಟ್ಟು ಆ ಸೀಟಿನ ಕಡೆ ಒಮ್ಮೆ ಕೈ ಮುಗಿದ. ಅವನಿಗೆ ತಿಳಿಸಿ ಹೇಳಲು ನನಗೆ ಮನಸ್ಸಾಗಲಿಲ್ಲ. ಮಿಕ್ಕ ಪೆಟ್ಟಿಗೆಗಳನ್ನು ವಾಪಸು ಒಯ್ದೆ.

ಬಾಗಿಲು ಮುಚ್ಚಿ ಮೊಹರು ಹಾಕಿದರು. ಒಳಗೆ ಅಷ್ಟು ಕತ್ತಲಿರುತ್ತದೆಂದು ಎಣಿಸಿರಲಿಲ್ಲ. ಮೊದಲು ಬೊಂಬಾಯಿ, ಅಲ್ಲಿ ಬೇರೆ ಹಡಗು, ಆಮೇಲೆ ಆಫ್ರಿಕಾ ಎಂದರು. ನಾನು ರೈಲಿನಲ್ಲಿ ಕಾರವಾರಕ್ಕೆ ಬಂದೆ. ಗಾಡಿ ಇಲ್ಲದ ಕೀಲಿಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ದಾರಿಯುದ್ದಕ್ಕೂ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದೆ.

ದಾರ್ ಎಸ್ ಸಲಾಮ್, ಗಾಡಿ ಬರುವ ಮುಂಚೆ

ನಾನು ವಿಮಾನದಲ್ಲಿ ಹೋದವಳು, ಗಾಡಿಗಿಂತ ಎಷ್ಟೋ ವಾರ ಮೊದಲೇ ಮುಟ್ಟಿದೆ. ಶಾಲೆಯವರು ಉಪಾಂಗಾ ಎಂಬ ಬಡಾವಣೆಯಲ್ಲಿ ಮೂರನೇ ಮಾಳಿಗೆಯ ಮನೆ ಕೊಟ್ಟಿದ್ದರು. ಬೀದಿ ತುಂಬ ಬೇವಿನ ಮರ. ಅವರ ಸ್ವಾಹಿಲಿ ಭಾಷೆಯಲ್ಲಿ ಬೇವಿಗೆ ನಲವತ್ತರ ಮರ ಎಂಬ ಅರ್ಥದ ಹೆಸರಂತೆ, ನಲವತ್ತು ರೋಗಕ್ಕೆ ಮದ್ದೆಂದು. ನನ್ನದು ಆ ನಲವತ್ತರಲ್ಲಿ ಇರಲಿಲ್ಲ.

ಮೊದಲ ಸಂಜೆಯೇ ಮಾನ ಹೋಯಿತು. ಕಡಲು ಹತ್ತಿರವೆಂದು ತಿಳಿದು ನಡೆದುಕೊಂಡು ಹೋಗಿ ದಂಡೆಯ ಕಟ್ಟೆಯ ಮೇಲೆ ಕೂತೆ. ಕಾರವಾರದಲ್ಲಿ ಹಾಗೆ ಕೂತರೆ ಸೂರ್ಯ ಮುಳುಗುವುದನ್ನು ನೋಡಿಯೇ ಏಳುವುದು. ನೀರಿನ ಕಡೆ ನೋಡುತ್ತ ಕೂತೇ ಕೂತೆ. ನೀರು ಸೀಸದ ಬಣ್ಣಕ್ಕೆ ತಿರುಗಿತು, ಆಮೇಲೆ ಕಪ್ಪಾಯಿತು. ಸೂರ್ಯ ಬರಲೇ ಇಲ್ಲ. ತಿರುಗಿ ನೋಡಿದರೆ ಅದು ನನ್ನ ಬೆನ್ನ ಹಿಂದೆ, ಮನೆಗಳ ಆಚೆ, ಯಾವಾಗಲೋ ಮುಳುಗಿ ಹೋಗಿತ್ತು. ಆಫ್ರಿಕಾದ ಮೂಡಣ ದಂಡೆಯನ್ನು ಎಷ್ಟು ಸಲ ಗೋಡೆಯ ನಕ್ಷೆಯಲ್ಲಿ ಮಕ್ಕಳಿಗೆ ಕೋಲಿನಿಂದ ತೋರಿಸಿದ್ದೇನೋ! ಇಲ್ಲಿ ಕಡಲಿರುವುದು ಮೂಡಣಕ್ಕೆ. ತಲೆಗೆ ಗೊತ್ತಿತ್ತು, ಮೈಗೆ ಗೊತ್ತಿರಲಿಲ್ಲ.

ಮೈಗೆ ಕಲಿಸುವುದು ಸುಲಭವಿರಲಿಲ್ಲ. ಶಾಲೆಯಿಂದ ಹೊರಟವಳು ಕಡಲನ್ನು ಗುರುತಿಟ್ಟುಕೊಂಡು ಮನೆಯ ಕಡೆ ತಿರುಗಿದೆನೆಂದುಕೊಂಡರೆ ಆಸ್ಪತ್ರೆಯ ಮುಂದೆ ನಿಂತಿರುತ್ತಿದ್ದೆ. ಅಂಗಡಿಗೆ ಹೊರಟರೆ ಸ್ಮಶಾನ. ಭೂಗೋಳದ ಅಕ್ಕೋರು ದಿನಾ ದಾರಿ ತಪ್ಪುತ್ತಾರೆಂದು ಹೇಳಿಕೊಳ್ಳಲಾದೀತೇ? ವ್ಯಾಯಾಮಕ್ಕೆ ಸುತ್ತು ಹಾಕುತ್ತೇನೆ ಎನ್ನುತ್ತಿದ್ದೆ. ಎಷ್ಟು ವ್ಯಾಯಾಮ ಮಾಡುತ್ತೀರಿ ಎಂದು ಸಹೋದ್ಯೋಗಿಗಳು ಮೆಚ್ಚಿದರು.

ಅಲ್ಲಿಯ ಜನ ಒಳ್ಳೆಯವರು. ಅದೇ ಕೆಲವು ಸಲ ಕಷ್ಟವಾಗುತ್ತಿತ್ತು. ಎದುರಾದವರು ಸುಮ್ಮನೆ ಹೋಗುವುದಿಲ್ಲ. ಬೆಳಗಿನ ಸುದ್ದಿ ಏನು, ಕೆಲಸದ ಸುದ್ದಿ ಏನು, ಮನೆಯ ಸುದ್ದಿ ಏನು ಎಂದು ಒಂದೊಂದಾಗಿ ಕೇಳುತ್ತಾರೆ. ಸುದ್ದಿಗೆ ಅವರ ಮಾತು ಹಬಾರಿ, ನಮ್ಮ ಖಬರಿನ ಹತ್ತಿರದ್ದೇ. ಎಲ್ಲದಕ್ಕೂ ಉತ್ತರ ಒಂದೇ, ಚೆನ್ನಾಗಿದೆ ಎನ್ನಬೇಕು. ನಮ್ಮ ಕಟ್ಟಡದ ಕಾವಲುಗಾರ ಅಜ್ಜ ದಿನವೂ ಮನೆಯ ಸುದ್ದಿ ಕೇಳುತ್ತಿದ್ದ. ಮನೆಯಲ್ಲಿ ಯಾರೂ ಇಲ್ಲ ಎಂದು ಹೇಳಲು ಆ ಕ್ರಮದಲ್ಲಿ ಜಾಗವೇ ಇಲ್ಲ. ಚೆನ್ನಾಗಿದೆ ಎಂದು ಮೆಟ್ಟಿಲು ಹತ್ತುತ್ತಿದ್ದೆ, ಬೀಗ ತೆಗೆಯುತ್ತಿದ್ದೆ, ಒಳಗೆ ನನ್ನ ಚಪ್ಪಲಿಯ ಸದ್ದು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಒಬ್ಬಳಿಗೆಂದು ಅನ್ನಕ್ಕೆ ಅಕ್ಕಿ ಅಳೆಯುವುದು ನನಗೆ ಇನ್ನೂ ಬರುತ್ತಿರಲಿಲ್ಲ. ದಿನಾ ಉಳಿಯುತ್ತಿತ್ತು.

ಮೀನಿನ ಪೇಟೆಗೆ ಹೋದೆ, ಅಲ್ಲಾದರೂ ಊರಿನ ಗಾಳಿ ಇದ್ದೀತೆಂದು. ನಮ್ಮಲ್ಲಿ ಮೀನು ಮಾರುವುದು ಹೆಂಗಸರ ರಾಜ್ಯ. ಅಲ್ಲಿ ಗಂಡಸರು ಮೇಜಿನ ಮೇಲೆ ಮೀನು ಸುರಿದು ಸವಾಲು ಕೂಗುತ್ತಿದ್ದರು. ಯಾರೋ ಪಕ್ಕದಲ್ಲಿ ಕೂಗಿದ್ದಕ್ಕೆ ನಾನು ತಲೆಯಾಡಿಸಿದೆ ಅಷ್ಟೇ, ಒಂದು ಬುಟ್ಟಿ ಮೀನು ನನ್ನದಾಯಿತು. ಅದನ್ನು ಕಟ್ಟಡದವರಿಗೆಲ್ಲ ಹಂಚಿದೆ. ಬೈದು ಕಳಿಸುವವರೊಬ್ಬರು ಇದ್ದಿದ್ದರೆ ಆ ಬುಟ್ಟಿಯಿಂದ ಪಾರಾಗುತ್ತಿದ್ದೆ.

ಕಾರು ಬರುತ್ತಿದೆ ಎಂದಾಗ ಇಲ್ಲಿಯೂ ನಕ್ಕರು. ಜಪಾನಿನಿಂದ ಬರುವ ಹಳೆಯ ಕಾರುಗಳು ಈ ಊರಿನಲ್ಲಿ ಬೀದಿಗೊಂದು ಸಿಗುತ್ತವೆ, ಅವುಗಳ ಮುಂದೆ ನಿಮ್ಮದು ಆಟಿಕೆ ಎಂದರು. ಹೊಸ ಗಾಡಿಗೆ ಕೈ ಹೊಂದುವುದಿಲ್ಲ ಎಂದು ಸುಳ್ಳು ಹೇಳಿದೆ.

ಬಂದರಿನ ಕೆಲಸ ನೋಡಿಕೊಳ್ಳುವವನು ಜುಮಾ ಎಂಬವನು, ಮೂವತ್ತರ ಆಸುಪಾಸಿನ, ಸಾವಧಾನದ ಮನುಷ್ಯ. ಶಾಲೆಯವರೇ ಗೊತ್ತುಮಾಡಿ ಕೊಟ್ಟಿದ್ದರು. ಅವರ ಭಾಷೆಯಲ್ಲಿ ಗಾಡಿಗೆ ಗಾರಿ ಎನ್ನುತ್ತಾರೆ. ಯಾವ ಕಾಲದಲ್ಲೋ ನಮ್ಮ ದಂಡೆಯಿಂದಲೇ ಹಾಯಿದೋಣಿ ಹತ್ತಿ ಹೋದ ಮಾತು ಎಂದು ನಾನು ಅವನಿಗೆ ಹೇಳಿದೆ. ಮಾತು ಬಂತಲ್ಲ, ಗಾಡಿಯೂ ಬರುತ್ತದೆ ಎಂದ. ಅದಾದ ಮೇಲೆ ನಾನು ಕೇಳಿದಾಗಲೆಲ್ಲ ಅವನ ಉತ್ತರ ಒಂದೇ, ಇನಾಕೂಜಾ. ಬರುತ್ತಿದೆ ಎಂದರ್ಥ. ನನಗೆ ನಮ್ಮೂರು ನೆನಪಾಯಿತು. ನಾವು ಹೊರಟು ನಿಂತವರು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತೇವೆ. ನನ್ನ ಗಂಡ ಕೊನೆಯ ದಿನ ಆಸ್ಪತ್ರೆಗೆ ಹೊರಟಾಗ ಹೊಸಿಲಲ್ಲಿ ಪ್ರೇಮಾಗೆ ಅದನ್ನೇ ಹೇಳಿದ್ದರು.

ಬಂದರಿನ ಅಂಗಳ

ಒಂದು ದಿನ ಜುಮಾ ಫೋನು ಮಾಡಿದ. "ಮ್ವಾಲಿಮು, ಗಾರಿ ಬಂತು," ಎಂಬುದಷ್ಟು ನನಗೆ ತಿಳಿಯಿತು. ಮ್ವಾಲಿಮು ಎಂದರೆ ಅವರ ಅಕ್ಕೋರು. ಮಾರನೆಯ ದಿನ ಎರಡು ಗಂಟೆಗೆ ಬನ್ನಿ ಎಂದ. ಊಟ ಮಾಡಿ ಎರಡಕ್ಕೆ ಹೋದರೆ ಅವನು ಬೆಳಗಿನಿಂದ ಕಾದು ಬೇಸತ್ತು ಕೂತಿದ್ದ. ಅಲ್ಲಿ ಗಂಟೆ ಎಣಿಸುವುದು ಬೆಳಗಾದಲ್ಲಿಂದ. ಅವರ ಎರಡು ನಮ್ಮ ಬೆಳಗಿನ ಎಂಟು. ನನ್ನದೇ ತಪ್ಪೆಂದು ಒಪ್ಪಿಕೊಂಡೆ. ಮತ್ತೊಂದು ದಿನ ಕಳೆಯಿತು.

ಕೊನೆಗೆ ಪೆಟ್ಟಿಗೆಯ ಮುಂದೆ ನಿಂತೆವು. ತಪಾಸಣೆಯ ಅಧಿಕಾರಿ, ಜುಮಾ, ಇಬ್ಬರು ಕೆಲಸದವರು, ನಾನು. ಮೊಹರು ಒಡೆದರು, ಬಾಗಿಲು ಎಳೆದರು.

ಮೊದಲು ಬಂದದ್ದು ಗಾಡಿಯಲ್ಲ, ವಾಸನೆ. ಕೆಲಸದವರಿಬ್ಬರೂ ಹಿಂದಕ್ಕೆ ಸರಿದರು. ಜುಮಾ ಮೂಗಿಗೆ ತೋಳು ಹಿಡಿದ. ನನಗೆ ಮಾತ್ರ ಆ ಕ್ಷಣದಲ್ಲೇ ಅದು ಏನೆಂದು ಗೊತ್ತಾಯಿತು. ಒಣ ಶೆಟ್ಲಿ. ಕಾರವಾರದ ಪೇಟೆಯಲ್ಲಿ ಸಿಗುವ, ಕೆಂಡದ ಮೇಲೆ ಬಾಡಿಸಿ ತೆಂಗಿನಕಾಯಿ ಹಾಕಿ ಚಟ್ನಿ ಮಾಡುವ, ನಮ್ಮ ಒಣ ಸಿಗಡಿ. ಗಾಳಿಯಾಡದ ಕಬ್ಬಿಣದ ಪೆಟ್ಟಿಗೆಯಲ್ಲಿ, ಭೂಮಧ್ಯರೇಖೆಯ ಬಿಸಿಲಲ್ಲಿ, ವಾರಗಟ್ಟಲೆ.

ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ, ಅದರ ಅಡಿಯ ಗುಳಿಯಲ್ಲಿ ಬಟ್ಟೆಯ ಗಂಟು. ಪ್ರೇಮಾಳ ಹಳೆಯ ಸೀರೆಯ ತುಂಡು ಎಂದು ಅಂಚಿನಿಂದಲೇ ಗುರುತಾಯಿತು. ಯಾವ ಕಾಗದದಲ್ಲೂ ಬರೆಯದ ತಿನ್ನುವ ಸಾಮಾನು ಗಾಡಿಯಲ್ಲಿ ಸಿಕ್ಕಿದೆ. ಗಾಡಿಯನ್ನೇ ತಡೆಯುತ್ತಾರೆ, ವಾಪಸು ಕಳಿಸುತ್ತಾರೆ, ಮುಗಿಯಿತು ಎಂದುಕೊಂಡೆ. ಮುಗಿದರೆ ಹಿಂತಿರುಗಿ ಹೋಗುವುದೇ ಎಂದೂ ಅಂದುಕೊಂಡೆ. ವಿಚಿತ್ರವೆಂದರೆ ಆಗ ನನಗೆ ಸಮಾಧಾನವಾಗಲಿಲ್ಲ, ಭಯವಾಯಿತು.

ಅಧಿಕಾರಿ ದಪ್ಪ ಮೀಸೆಯ, ನಗದ ಮನುಷ್ಯ. ಗಂಟನ್ನು ಮೂಗಿನ ಹತ್ತಿರ ತಂದ. ಒಮ್ಮೆ ಮೂಸಿದ, ಇನ್ನೊಮ್ಮೆ ಮೂಸಿದ.

"ದಗಾ," ಎಂದ.

ಮೋಸ ಎನ್ನುತ್ತಿದ್ದಾನೆ ಎಂದು ನಾನು ತಿಳಿದೆ. ಜುಮಾ ನಗಲು ಶುರುಮಾಡಿದ. ದಗಾ ಎಂದರೆ ಅವರಲ್ಲಿ ಸಣ್ಣ ಒಣಮೀನು. ಅಧಿಕಾರಿಯ ಊರು ಒಳನಾಡಿನ ದೊಡ್ಡ ಸರೋವರದ ದಂಡೆಯಂತೆ. ಅವನ ತಾಯಿ ಅದನ್ನು ಟೊಮೆಟೊ ಹಾಕಿ ಮಾಡುತ್ತಾಳಂತೆ. ನೀವು ಹೇಗೆ ಮಾಡುತ್ತೀರಿ ಎಂದು ಕೇಳಿದ. ಹೇಳಿದೆ. ಯಾರು ಕಟ್ಟಿಕೊಟ್ಟರು ಎಂದ. ಗಂಡನ ತಂಗಿ ಎಂದೆ. ಗಂಡ ಎಲ್ಲಿ ಎಂದು ಕೇಳಲಿಲ್ಲ, ಕರಿಮಣಿಯಿಲ್ಲದ ನನ್ನ ಕತ್ತು ನೋಡಿ ತಿಳಿಯುವಷ್ಟು ನಮ್ಮ ಪದ್ಧತಿ ಅವನಿಗೆ ಗೊತ್ತಿರಲಾರದು, ಹೇಗೋ ಕೇಳಲಿಲ್ಲ. ಇದನ್ನು ಒಳಗೆ ಬಿಡುವ ಹಾಗಿಲ್ಲ, ನಿಯಮ, ಗಾಡಿಗೆ ತೊಂದರೆಯಿಲ್ಲ ಎಂದ. ಕೆಲಸದವರಿಗೆ ಹೇಳದೆ ತಾನೇ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕಸದ ಡ್ರಮ್ಮಿನವರೆಗೆ ನಡೆದ, ಬಟ್ಟೆ ಬಿಚ್ಚಿ ಶೆಟ್ಲಿ ಸುರಿದ. ಸೀರೆಯ ತುಂಡನ್ನು ಕೊಡವಿ, ಮಡಚಿ, ನನಗೆ ಹಿಂತಿರುಗಿಸಿದ.

ಅವತ್ತೇ ಹಣಕೋಣಕ್ಕೆ ಫೋನು ಹಚ್ಚಿದೆ. ಅಲ್ಲಿ ಆಗಷ್ಟೇ ಮೊಬೈಲು ಬಂದಿತ್ತು, ಪ್ರೇಮಾ ಸಿಗ್ನಲ್ಲಿಗಾಗಿ ಗದ್ದೆಯ ಏರಿಯ ಮೇಲೆ ನಿಂತು ಮಾತಾಡಬೇಕು. ಜೋರು ಮಾಡಬೇಕೆಂದುಕೊಂಡಿದ್ದೆ, ಮಾಡಿದೆ ಕೂಡ.

"ದಾದಾನ ಗಾಡಿ ಅದು. ರಿಕಾಮಿ ಕಳ್ಸೂಕಾಗ್ತದಾ ವೈನಿ?" ಎಂದಳು.

ರಿಕಾಮಿ ಎಂದರೆ ಖಾಲಿ. ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನೂ ನಮ್ಮವರು ರಿಕಾಮಿ ತಿರುಗಿಸುವುದಿಲ್ಲ, ಒಂದು ಮೆಣಸಿನಕಾಯಿಯಾದರೂ ಹಾಕಿ ಕೊಡುತ್ತಾರೆ. ಹಿಂದಿನ ಸೀಟು ತುಂಬ ಪೆಟ್ಟಿಗೆಗಳಿದ್ದದ್ದು ಅವಳಿಗೆ ಲೆಕ್ಕವೇ ಅಲ್ಲ. ಅವಳೂ ಆ ಎಡ ಸೀಟನ್ನೇ ನೋಡಿದ್ದಳು. ನನ್ನ ಜೋರು ಅಲ್ಲಿಗೆ ನಿಂತಿತು.

ಉತ್ತರದ ರಸ್ತೆ

ಗಾಡಿಗೆ ಅಲ್ಲಿಯ ನಂಬರು ಬಂತು. ಕಾರವಾರದ ಕೆಎ ಮೂವತ್ತರ ನಂಬರಿನ ತಗಡನ್ನು ಬಿಚ್ಚಿ ಎಡ ಸೀಟಿನ ಅಡಿಗೆ ಸೇರಿಸಿದೆ. ವಾಸನೆ ಹೋಗಲಿಲ್ಲ. ಸೋಪು, ಲಿಂಬೆ, ಇದ್ದಿಲು, ಬೇವು, ಎಲ್ಲವನ್ನೂ ಹಾಕಿ ನೋಡಿದೆ. ಒಬ್ಬ ಶಿಕ್ಷಕಿಗೆ ಬನ್ನಿ ಬಿಡುತ್ತೇನೆ ಎಂದು ಬಾಗಿಲು ತೆಗೆದರೆ, ಅವಳು ಒಳಗೆ ಬಗ್ಗಿದವಳು ಹಾಗೇ ಹಿಂದಕ್ಕೆ ಹೋಗಿ, ಅಂಗಡಿಯಲ್ಲಿ ಕೆಲಸವಿದೆ ಎಂದಳು. ಹೀಗೆ ಆ ಊರಿನಲ್ಲಿ ಕಾರಿದ್ದೂ ಪಕ್ಕದಲ್ಲಿ ಕೂರುವವರಿಲ್ಲದ ಹೆಂಗಸು ನಾನೊಬ್ಬಳೇ ಆದೆ.

ಕಾರು ಬಂದ ಮೇಲೆ ಎಲ್ಲ ಸರಿಹೋಗುತ್ತದೆಂದು ನಾನು ಯಾಕೆ ಎಣಿಸಿದ್ದೆನೋ. ಅದು ಕಟ್ಟಡದ ಕೆಳಗೆ ಬೇವಿನ ನೆರಳಲ್ಲಿ ನಿಂತಿರುತ್ತಿತ್ತು. ನಾನು ಒಳಗೆ ಕೂತು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಎಡಗಡೆ ನೋಡುತ್ತಿದ್ದೆ. ಅದು ಬರೀ ಸೀಟು. ಊರಿನಲ್ಲಿದ್ದಾಗ ಹಾಗಿರಲಿಲ್ಲ, ಅವರು ಆಗಷ್ಟೇ ಎದ್ದು ಹೋದಂತೆ ಇರುತ್ತಿತ್ತು. ಇಲ್ಲಿಗೆ ತರುವ ದಾರಿಯಲ್ಲಿ ಆ ಕತ್ತಲಲ್ಲಿ ಅವರನ್ನು ಕಳಕೊಂಡೆನೆಂದೇ ನನಗೆ ಅನಿಸಿತು. ಟರ್ಮು ಮುಗಿಯುತ್ತ ಬಂದಿತ್ತು, ಶಾಲೆಯವರು ಉತ್ತರ ಕೇಳಿದ್ದರು. ಸೋಮವಾರ ಹೇಳುತ್ತೇನೆ ಎಂದಿದ್ದೆ. ಹಿಂತಿರುಗುತ್ತೇನೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು.

ಭಾನುವಾರ ಮನೆಯಲ್ಲಿ ಕೂರಲಾಗಲಿಲ್ಲ. ಉತ್ತರಕ್ಕೆ ಹೋದರೆ ಒಳ್ಳೆಯ ದಂಡೆಯಿದೆ ಎಂದು ಯಾರೋ ಹೇಳಿದ್ದರು. ಹೊರಟೆ. ಹೋದ ದೊಡ್ಡ ರಸ್ತೆಯಲ್ಲಿ ಕಡಲು ಕಾಣುವುದೇ ಇಲ್ಲ, ಲಾರಿಗಳ ನಡುವೆ ಅತ್ತಿತ್ತ ನೋಡಲು ಪುರಸೊತ್ತೂ ಇರಲಿಲ್ಲ. ದಂಡೆಯಲ್ಲಿ ಸ್ವಲ್ಪ ಹೊತ್ತು ನಿಂತು, ಮೋಡ ಮುಚ್ಚಿದ್ದರಿಂದ ಬೇಗ ವಾಪಸು ಹೊರಟೆ. ಬರುವಾಗ ರಸ್ತೆಯಲ್ಲಿ ನೀರು ನಿಂತು, ಪೊಲೀಸನು ಎಲ್ಲ ಗಾಡಿಗಳನ್ನೂ ಒಂದು ಓಣಿಗೆ ತಿರುಗಿಸುತ್ತಿದ್ದ. ಆ ಓಣಿ ಇನ್ನೊಂದು ಓಣಿಗೆ, ಅದು ಮತ್ತೊಂದಕ್ಕೆ. ಕೊನೆಗೆ ನಾನೊಬ್ಬಳೇ ಒಂದು ಡಾಂಬರು ರಸ್ತೆಯ ಮುಂದೆ ಬಂದು ನಿಂತಿದ್ದೆ. ಹನಿಮಳೆ. ಸೂರ್ಯನಿಲ್ಲ, ಫಲಕವಿಲ್ಲ, ಕೇಳಲು ಜನವಿಲ್ಲ.

ಎದುರಿನ ತೆಂಗಿನ ಮರಗಳ ಆಚೆ ಕಡಲಿನ ಸದ್ದು ಕೇಳಿತು. ಹಾಗಾದರೆ ಸುಲಭ ಎಂದುಕೊಂಡೆ. ಕಡಲಿಗೆ ಮುಖ ಮಾಡಿದ್ದೇನೆ, ಪೇಟೆ ಇರುವುದು ತೆಂಕಣಕ್ಕೆ, ಕಡಲಿಗೆ ಮುಖ ಮಾಡಿದರೆ ತೆಂಕಣ ಎಡಕ್ಕೆ. ಕಾರವಾರದಲ್ಲಿ ಅದು ಸರಿ. ಎಡಕ್ಕೆ ತಿರುಗಿಸಿದೆ.

ಬಹಳ ದೂರ ಹೋದೆ. ಮನೆಗಳು ಹೆಚ್ಚಾಗಬೇಕಿತ್ತು, ಕಡಿಮೆಯಾಗುತ್ತ ಬಂದವು. ತೆಂಗು, ಮರಳು, ಒಣಗಲು ಹಾಕಿದ ಬಲೆ, ಸಣ್ಣ ಗೂಡಂಗಡಿ. ಅಮದಳ್ಳಿಯೇ ಎನ್ನುವಷ್ಟು ಅಮದಳ್ಳಿಯ ಹಾಗಿತ್ತು. ಅದರಿಂದ ಭಯ ಇನ್ನೂ ಹೆಚ್ಚಾಯಿತು. ರಸ್ತೆ ಬದಿಯಲ್ಲಿ ಒಬ್ಬಳು ಮರಗೆಣಸು ಸುಡುತ್ತಿದ್ದಳು. ಗಾಡಿ ನಿಲ್ಲಿಸಿ, ಉಪಾಂಗಾ ಎಂದೆ. ನನ್ನ ಉಚ್ಚಾರ ಅವಳಿಗೆ ತಿಳಿಯಲಿಲ್ಲ. ನಕ್ಕು, ಉಪ್ಪು ಮೆಣಸಿನಪುಡಿ ಸವರಿದ ಒಂದು ಗೆಣಸನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ಬೇಡವೆನ್ನಲಾಗಲಿಲ್ಲ.

ಗಾಡಿಯಲ್ಲೇ ಕೂತು ತಿಂದೆ. ಇಷ್ಟು ದೂರ ಬಂದು, ರಸ್ತೆ ಬದಿಯಲ್ಲಿ, ಮೂಗು ಸುರಿಸುತ್ತ ಗೆಣಸು ತಿನ್ನುವ ನನ್ನನ್ನು ನೋಡಿ ನನಗೇ ಕನಿಕರವಾಯಿತು. ಕಿಟಕಿಯ ಗಾಜಿನಲ್ಲಿ ನೀರು ಇಳಿಯುತ್ತಿತ್ತು. ಒರೆಸಿ ಹೊರಗೆ ನೋಡಿದೆ. ತೆಂಗಿನ ಸಾಲು ಅಲ್ಲಿಗೆ ಮುಗಿದಿತ್ತು. ಕಡಲು ಅಲ್ಲೇ ಇತ್ತು, ಬೂದುಬಣ್ಣದ್ದು, ನನ್ನ ಕಿಟಕಿಯ ತುಂಬ.

ನನ್ನ ಕಿಟಕಿಯ ತುಂಬ. ಅಂದರೆ ನಾನು ಇನ್ನೂ ಹೋಗುತ್ತಲೇ ಇದ್ದೇನೆ. ಬರುತ್ತಿಲ್ಲ.

ತೆಂಕಣ ಬಡಗಣ ಎಲ್ಲ ತಲೆಯಿಂದ ಹೋಯಿತು. ಆ ರಸ್ತೆಯಲ್ಲೇ ಗಾಡಿ ತಿರುಗಿಸಿದೆ, ಎರಡು ಸಲ ಹಿಂದೆ ಮುಂದೆ ಮಾಡಿ. ಕಡಲು ನನ್ನ ಕಿಟಕಿಯಿಂದ ಮುಂದಿನ ಗಾಜಿಗೆ ಬಂತು, ಅಲ್ಲಿಂದ ಸರಿದು ಎಡಗಡೆಯ ಕಿಟಕಿಯಲ್ಲಿ ನಿಂತಿತು.

"ತಕಳ್ಳಿ. ಇನ್ನು ನಿಮ್ದು," ಎಂದೆ.

ಅವರು ಹೋದ ಮೇಲೆ ಅವರ ಹತ್ತಿರ ನಾನು ಮಾತಾಡಿದ್ದು ಅದೇ ಮೊದಲು. ಫೋಟೋದ ಮುಂದೆ ಕೂಡ ಆಡಿರಲಿಲ್ಲ. ಅಳು ಬಂತು, ಗಾಡಿ ನಿಲ್ಲಿಸದೆ ಅತ್ತೆ. ಒಂದೊಂದು ಕಡೆ ದೊಡ್ಡ ಬಂಗಲೆಗಳ ಕಾಂಪೌಂಡು ಗೋಡೆ ಬಂದು ಕಡಲು ಮರೆಯಾಗುತ್ತಿತ್ತು. ಮರೆಯಾದರೆ ಏನಾಯಿತು, ಅಲ್ಲೇ ಇದೆ. ಒಣ ಶೆಟ್ಲಿಯ ವಾಸನೆ ಮಳೆಗೆ ಎದ್ದು ಗಾಡಿ ತುಂಬಿಕೊಂಡಿತ್ತು. ಮಳೆ ನಿಂತು ನೀರಿನ ಮೇಲೆ ಬೆಳಕು ಬಿದ್ದದ್ದು, ಹಾಯಿ ಬಿಚ್ಚಿದ ಒಂದು ದೋಣಿ ಹೋದದ್ದು ಕಣ್ಣಂಚಿಗೆ ಕಂಡಿತು. ಆ ಕಡೆ ತಿರುಗಿ ನೋಡಲಿಲ್ಲ. ನನ್ನ ಸರದಿ ಮುಗಿದಿತ್ತು, ರಸ್ತೆ ನೋಡಿದೆ.

ಉಪಾಂಗಾದ ಬೇವಿನ ಮರಗಳು ಕಾಣುವವರೆಗೂ ಕಡಲು ಆ ಬದಿಯನ್ನು ಬಿಡಲಿಲ್ಲ. ಕಾವಲುಗಾರ ಅಜ್ಜ ಗೇಟು ತೆಗೆದು ಎಂದಿನಂತೆ ಕೇಳಿದ, ಪ್ರಯಾಣದ ಸುದ್ದಿ ಏನು, ಮನೆಯ ಸುದ್ದಿ ಏನು. ಚೆನ್ನಾಗಿದೆ ಎಂದೆ.

ಮಾರನೆಯ ದಿನ ಶಾಲೆಗೆ ಹೋಗಿ ಇರುತ್ತೇನೆ ಎಂದು ಹೇಳಿದೆ. ಸಂಜೆ ಹಣಕೋಣಕ್ಕೆ ಫೋನು ಮಾಡಿ ಪ್ರೇಮಾಗೂ ಹೇಳಿದೆ. ಅವಳು ಕಾರಣ ಕೇಳಲಿಲ್ಲ. ಉತ್ತರದ ದಂಡೆಗೆ ಹೋದದ್ದು, ಮಳೆ, ಓಣಿ, ಗೆಣಸು, ಎಲ್ಲವನ್ನೂ ಹೇಳಿದೆ. ಗದ್ದೆಯ ಏರಿಯ ಮೇಲಿನ ಗಾಳಿ ಫೋನಿನಲ್ಲಿ ಕೇಳುತ್ತಿತ್ತು.

"ಅಷ್ಟು ದೂರ ಒಬ್ರೇ ಹೋಗಿದ್ರಿ ವೈನಿ?" ಎಂದಳು.

"ಹೋಗೂವಾಗ ಒಬ್ಳೇ," ಎಂದೆ.

ಕರೆ ಕಡಿಯಿತೇನೋ ಎಂದು ನಾನು ಫೋನು ಕಿವಿಯಿಂದ ತೆಗೆಯುವುದರಲ್ಲಿದ್ದೆ.

"ಹಿಂದೆ ಕೂತವ್ರಿಗೆ ಈಗ್ಲೂ ಎಂತದೂ ಇಲ್ಲ, ಅಲ್ವಾ?" ಎಂದು ಕೇಳಿದಳು.